ಟವರ್ ಕೂಲರ್ ಹಾಕಿಸಿದರೂ ಪ್ರೊಸೆಸರ್ ತಣ್ಣಗಾಗುತ್ತಿಲ್ಲ, ಗಾಳಿ ಯಾವ ದಿಕ್ಕಿಗೆ ಹರಿಯಬೇಕು?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶಗಳ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ನನ್ನ ಕಂಪ್ಯೂಟರಿನಲ್ಲಿ ರೈಜನ್ 5 5600 ಪ್ರೊಸೆಸರ್ ಇದ್ದು, ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೋ ಆಗಿ ರೂಪಿಸಲು) ಇಟ್ಟಾಗ ಎರಡು ಮೂರು ಗಂಟೆ ಬಿಡುವಿಲ್ಲದೆ ಓಡುತ್ತದೆ. ಪ್ರೊಸೆಸರ್ ಜೊತೆಗೇ ಬಂದಿದ್ದ ಚಿಕ್ಕ ಕೂಲರ್ ಇದ್ದಾಗ ಈ ಬೇಸಿಗೆಯಲ್ಲಿ ಉಷ್ಣಾಂಶ 90 ಡಿಗ್ರಿ ಮುಟ್ಟಿ, ಕೆಲಸದ ವೇಗ ಕುಗ್ಗುತ್ತಿತ್ತು. ಅದಕ್ಕಾಗಿ ನಾಲ್ಕು ಹೀಟ್‌ಪೈಪ್ ಮತ್ತು ಒಂದು 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್ ಕೊಂಡು, ಅಂಗಡಿಯಲ್ಲೇ ಹಾಕಿಸಿಕೊಂಡು ಬಂದೆ. ಆದರೂ 85ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟರೆ ಮಾತ್ರ 76ಕ್ಕೆ ಬರುತ್ತದೆ. ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಇವೆ. ಕೂಲರ್ ಬಗೆಯನ್ನೇ ತಪ್ಪಾಗಿ ಆರಿಸಿಕೊಂಡೆನೇ ಎಂಬ ಚಿಂತೆ ಹತ್ತಿದೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ನಿಮ್ಮ ಆಯ್ಕೆ ತಪ್ಪಲ್ಲ. ಗಾಳಿ ಬೀಸುವ ದಿಕ್ಕನ್ನು ನೋಡಿದರೆ ಏರ್ ಕೂಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಿಮ್ಮ ಹಳೆಯ ಕೂಲರ್ ಮೇಲಿಂದ ಮದರ್‌ಬೋರ್ಡಿನ ಕಡೆಗೆ ಊದುವಂಥದ್ದು. ಆ ಗಾಳಿ ಬೋರ್ಡಿಗೆ ಬಡಿದು ನಾಲ್ಕೂ ಕಡೆ ಚೆಲ್ಲುವುದರಿಂದ ಪ್ರೊಸೆಸರ್ ಪಕ್ಕದಲ್ಲಿರುವ, ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ವಿಆರ್‌ಎಂ ಭಾಗಕ್ಕೂ ರ‍್ಯಾಮ್‌ಗೂ ಒಂದಿಷ್ಟು ತಂಪು ಸಿಗುತ್ತದೆ. ಆದರೆ ಬಿಸಿಯಾದ ಅದೇ ಗಾಳಿ ಅಲ್ಲೇ ಸುತ್ತಾಡಿ ಮತ್ತೆ ಫ್ಯಾನಿನ ಬಾಯಿಗೇ ಬರುವ ಸಂಭವ ಹೆಚ್ಚು. ನೋಕ್ಟುವಾ ಕಂಪನಿಯ ಎನ್‌ಎಚ್-ಎಲ್9ಐ ಕೂಲರ್ ಇದೇ ಜಾತಿಯದು. ಕೇವಲ 37 ಮಿ.ಮೀ. ಎತ್ತರ ಇರುವುದರಿಂದ ಪುಟ್ಟ ಪೆಟ್ಟಿಗೆಗಳಿಗೆ ಹೇಳಿಮಾಡಿಸಿದಂತಿದೆ.

ಟವರ್ ಕೂಲರ್‌ನಲ್ಲಿ ಗಾಳಿ ಬೋರ್ಡಿಗೆ ಸಮಾನಾಂತರವಾಗಿ, ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಒಂದೇ ದಿಕ್ಕಿಗೆ ಹಾಯುತ್ತದೆ. ಹೀಟ್‌ಪೈಪ್ ಎಂಬುದು ಗಟ್ಟಿ ತಾಮ್ರದ ಸರಳಲ್ಲ. ಅದು ಗಾಳಿ ತೆಗೆದು ಮುಚ್ಚಿದ ಟೊಳ್ಳು ಕೊಳವೆ. ಒಳಗೆ ಅತಿ ಸ್ವಲ್ಪ ದ್ರವ, ಸಾಮಾನ್ಯವಾಗಿ ನೀರೇ, ಇರುತ್ತದೆ. ಒಳಗಿನ ಒತ್ತಡ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಗಿಂತ ಬಹಳ ಮೊದಲೇ ಬುಡದಲ್ಲಿ ಆವಿಯಾಗಿ ಮೇಲೇರುತ್ತದೆ, ಹಾಳೆಗಳ ಬಳಿ ತಣಿದು ಹನಿಯಾಗುತ್ತದೆ, ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಕೊಳವೆಯ ಒಳಗೋಡೆಯ ರಂಧ್ರಮಯ ಪದರದ ಮೂಲಕ ಬುಡಕ್ಕೆ ಮರಳುತ್ತದೆ. ಇದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಏರ್ಪಾಡು. ಅದೇ ಕಂಪನಿಯ ಎನ್‌ಎಚ್-ಡಿ15 ಥರದ ಜೋಡಿ ಟವರ್‌ಗಳೂ ಇವೆ. ಅದರ ಎತ್ತರ 165 ಮಿ.ಮೀ., ಎಲ್ಲ ಕ್ಯಾಬಿನೆಟ್ಟುಗಳಿಗೆ ಹಿಡಿಯುವುದಿಲ್ಲ, 5600ಕ್ಕೆ ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ.

ಬಾಗಿಲು ತೆಗೆದ ಕೂಡಲೇ 9 ಡಿಗ್ರಿ ಇಳಿಯುತ್ತದೆ ಎಂದು ನೀವು ಬರೆದದ್ದೇ ಇಲ್ಲಿ ಮುಖ್ಯ ಸುಳಿವು. ಕೂಲರ್ ಬಿಸಿಯನ್ನು ಪ್ರೊಸೆಸರ್‌ನಿಂದ ಎತ್ತಿ ಪೆಟ್ಟಿಗೆಯೊಳಗಿನ ಗಾಳಿಗೆ ದಾಟಿಸುತ್ತದೆ, ಅಷ್ಟೇ. ಆ ಗಾಳಿ ಹೊರಗೆ ಹೋಗದೆ ಉಳಿದಿದೆ.

ಉತ್ತರ 2

ಮೇಲಿನವರ ಮಾತಿಗೆ ಪೂರಕವಾಗಿ ಒಂದು ಪರೀಕ್ಷೆ ಹೇಳುತ್ತೇನೆ. ಸಾಮಾನ್ಯವಾಗಿ ಫ್ಯಾನಿನ ರೆಕ್ಕೆಗಳು ತೆರೆದು ಕಾಣುವ ಮುಖದಿಂದ ಗಾಳಿ ಒಳಬರುತ್ತದೆ. ಮೋಟಾರನ್ನು ಹಿಡಿದಿರುವ ಅಡ್ಡಕಡ್ಡಿಗಳು ಇರುವ ಮುಖದಿಂದ ಹೊರಹೋಗುತ್ತದೆ. ಕೆಲವು ಫ್ಯಾನ್‌ಗಳ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ. ಗೊಂದಲವಾದರೆ ಒಂದು ಊದುಬತ್ತಿ ಹಚ್ಚಿ, ಬೂದಿ ಒಳಗೆ ಉದುರದಂತೆ, ಪ್ರತಿಯೊಂದು ಫ್ಯಾನಿನ ಮುಂದೆ ಗೇಣು ದೂರದಲ್ಲಿ ಹಿಡಿಯಿರಿ. ಹೊಗೆಯ ಎಳೆ ಎತ್ತ ಬಾಗುತ್ತದೆ ಎಂಬುದೇ ಉತ್ತರ.

ಹೊಗೆ ಮುಂದಿನಿಂದ ಒಳಬಂದು, ಟವರ್ ಹಾಯ್ದು, ಹಿಂದಿನ ಫ್ಯಾನಿನಿಂದ ಹೊರಹೋಗಬೇಕು. ಕೂಲರ್ ಫ್ಯಾನ್ ಟವರಿನ ಯಾವ ಪಕ್ಕದಲ್ಲಿದೆ ಎನ್ನುವುದಕ್ಕಿಂತ ಯಾವ ದಿಕ್ಕಿಗೆ ಊದುತ್ತದೆ ಎನ್ನುವುದೇ ಮುಖ್ಯ. ಹಿಂಪಕ್ಕದಲ್ಲಿದ್ದು ಹಿಂದಕ್ಕೇ ಎಳೆಯುತ್ತಿದ್ದರೂ ಸರಿಯೇ. ಆದರೆ ಅದು ಮುಂದಕ್ಕೆ ಊದುತ್ತಿದ್ದರೆ ಎದುರಿನಿಂದ ಬರುವ ತಣ್ಣನೆಯ ಗಾಳಿಗೂ ಅದಕ್ಕೂ ಹಗ್ಗಜಗ್ಗಾಟವೇ ಆಗುತ್ತದೆ.

ಉತ್ತರ 3

ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಇನ್ನೊಂದು ಫ್ಯಾನ್ ಹಾಕಿ ಎಂದು ಯಾರಾದರೂ ಸಲಹೆ ಕೊಡಬಹುದು. ಹಾಕುವುದಾದರೆ ಹಿಂಬದಿಯ ಜಾಗದಲ್ಲೇ ಹಾಕಿ. ಮುಂಬದಿಯಲ್ಲಿ ಹಾಕಿದರೆ ಮುಂದಿನಿಂದ ಬಂದ ತಾಜಾ ಗಾಳಿ ಟವರ್ ತಲುಪುವ ಮೊದಲೇ ಮೇಲಕ್ಕೆ ಹಾರಿಹೋಗುತ್ತದೆ.

ನಿಮ್ಮ ಊರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಯಾವ ಏರ್ ಕೂಲರ್‌ನಿಂದಲೂ ಆಗದು. ಕೋಣೆ 28ರಿಂದ 38 ಡಿಗ್ರಿಗೆ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಮೈಸೂರಿನ ಗೆಳೆಯರ ಅಂಕಿಗೆ ನಿಮ್ಮದನ್ನು ಹೋಲಿಸಿ ನೊಂದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಸಾರೆ ಧನ್ಯವಾದಗಳು. ಊದುಬತ್ತಿ ಹಿಡಿದು ನೋಡಿದಾಗ ಟವರಿನ ಬಳಿ ಹೊಗೆ ಮುಂದಕ್ಕೇ ತಿರುಗಿತು. ಅಂಗಡಿಯವರು ಫ್ಯಾನನ್ನು ಹಿಂಪಕ್ಕದಲ್ಲಿ ಮುಂದಕ್ಕೆ ಊದುವಂತೆ ಕೂಡಿಸಿದ್ದರು. ತಂತಿಯ ಕ್ಲಿಪ್ ಬಿಡಿಸಿ ಫ್ಯಾನನ್ನು ಹಿಂದಕ್ಕೆ ಊದುವಂತೆ ಮುಂಪಕ್ಕಕ್ಕೆ ತಂದೆ. ಹಾಗೆಯೇ ಮುಂದಿನ ಜಾಲರಿ ಕಳಚಿದರೆ ಕಂಬಳಿಯಷ್ಟು ದಪ್ಪ ಧೂಳು ಕೂತಿತ್ತು, ಅದನ್ನೂ ತೊಳೆದು ಒಣಗಿಸಿ ಹಾಕಿದೆ. ಇಂದು ಮಧ್ಯಾಹ್ನ ಬಾಗಿಲು ಮುಚ್ಚಿಯೇ ಎರಡು ಗಂಟೆಯ ರೆಂಡರ್ ಮಾಡಿದೆ, 74 ದಾಟಲಿಲ್ಲ. ಒಂದೇ ಸಂಶಯ: ಈಗ ಗಾಳಿ ಬೋರ್ಡಿನ ಮೇಲೆ ಬೀಳದಿರುವುದರಿಂದ ವಿಆರ್‌ಎಂಗೆ ತೊಂದರೆಯಿಲ್ಲವೇ?

ಉತ್ತರ 1

5600ರ ಟಿಡಿಪಿ (ಅದು ಹೊರಸೂಸುವ ಬಿಸಿಯ ಅಂದಾಜು ಅಳತೆ) 65 ವ್ಯಾಟ್ ಮಾತ್ರ, ಹಾಗಾಗಿ ವಿಆರ್‌ಎಂ ಮೇಲಿನ ಹೊರೆಯೂ ಕಡಿಮೆ. ಹಿಂದಿನ ಫ್ಯಾನ್ ಆ ಭಾಗದ ಪಕ್ಕದಲ್ಲೇ ಗಾಳಿ ಎಳೆಯುತ್ತಿರುತ್ತದೆ, ನಿಶ್ಚಿಂತೆಯಿಂದಿರಿ. ಜಾಲರಿಯನ್ನು ಮಾತ್ರ ತಿಂಗಳಿಗೊಮ್ಮೆ ತೊಳೆಯಿರಿ.