ವೈಫೈ ಗೆರೆ ಪೂರ್ತಿ ಇದೆ, ವಾಟ್ಸಾಪ್ ಬರ್ತಿದೆ, ಸೈಟ್ ಮಾತ್ರ ತೆರೆಯಲ್ಲ: ಯಾಕೆ?

ಪ್ರಶ್ನೆ: ಸರ್, ಮನೆಗೆ ಫೈಬರ್ ಕನೆಕ್ಷನ್ ಇದೆ. ನಿನ್ನೆ ಸಂಜೆಯಿಂದ ಮೊಬೈಲಲ್ಲಿ ವೈಫೈ ಗೆರೆ ಪೂರ್ತಿ ಕಾಣ್ತಿದೆ, ವಾಟ್ಸಾಪ್ ಮೆಸೇಜೂ ಬರ್ತಿದೆ. ಆದ್ರೆ ಕ್ರೋಮ್‌ನಲ್ಲಿ ಒಂದು ಸೈಟೂ ತೆರೆಯಲ್ಲ, ಕರೆಂಟ್ ಬಿಲ್ ಕಟ್ಟೋಕೂ ಆಗ್ಲಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದ್ದಾಯ್ತು. ಇಂಟರ್ನೆಟ್ ಅರ್ಧ ಬರೋದು, ಅರ್ಧ ಬರದೇ ಇರೋದು ಅಂದ್ರೆ ಹೇಗೆ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ನೀವು ಬರೆದ ಲಕ್ಷಣದಿಂದಲೇ ತೊಂದರೆ ಇರುವ ಜಾಗ ಬಹುಮಟ್ಟಿಗೆ ಗೊತ್ತಾಗುತ್ತದೆ. ವೈಫೈ ಗೆರೆ ಹೇಳುವುದು ನಿಮ್ಮ ಮೊಬೈಲಿಗೂ ರೂಟರಿಗೂ ನಡುವಿನ ಸಂಗತಿ ಮಾತ್ರ. ಹೊರಗಿನ ಫೈಬರ್ ತುಂಡಾಗಿದ್ದರೂ ಗೆರೆ ಪೂರ್ತಿಯೇ ಇರುತ್ತದೆ. ವಾಟ್ಸಾಪ್ ನಡೆಯುತ್ತಿದೆ ಎಂದರೆ ಮನೆಯಿಂದಾಚೆಯ ದಾರಿಯೂ ತೆರೆದೇ ಇದೆ. ಇನ್ನು ಅನುಮಾನ ಪಡಬೇಕಾದ್ದು ಡಿಎನ್‌ಎಸ್ ಮೇಲೆ, ಅಂದರೆ ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ಮೇಲೆ.

ಇಂಟರ್ನೆಟ್‌ನಲ್ಲಿ ಯಾವ ರೂಟರೂ ಹೆಸರು ನೋಡಿ ದಾರಿ ಹಿಡಿಯುವುದಿಲ್ಲ. ಅದಕ್ಕೆ ಬೇಕಾದ್ದು ಐಪಿ ವಿಳಾಸ, ಅಂದರೆ ಅಂಕಿಗಳು. ನೀವು ಸೈಟಿನ ಹೆಸರು ಒತ್ತಿದ ಕೂಡಲೇ ಮೊಬೈಲು "ಈ ಹೆಸರಿನ ಐಪಿ ಯಾವುದು?" ಎಂದು ಒಂದು ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮೊದಲು ರೂಟ್ ಸರ್ವರ್, ಆಮೇಲೆ ಡಾಟ್ ಇನ್ ಅಥವಾ ಡಾಟ್ ಕಾಮ್ ನೋಡಿಕೊಳ್ಳುವ ಸರ್ವರ್, ಕೊನೆಗೆ ಆ ಸೈಟಿನದೇ ಡಿಎನ್‌ಎಸ್ ಸರ್ವರ್, ಹೀಗೆ ಕೇಳುತ್ತಾ ಹೋಗುತ್ತದೆ. ಸಿಕ್ಕ ಉತ್ತರವನ್ನು ಸೈಟಿನವರು ಹೇಳಿದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. 300 ಸೆಕೆಂಡ್ ಇರಬಹುದು, ಇಡೀ ದಿನವೂ ಇರಬಹುದು. ಇದು ಕೆಟ್ಟರೆ ದಾರಿ ಇದ್ದೂ ಎಲ್ಲಿಗೆ ಹೋಗಬೇಕೆಂದು ಬ್ರೌಸರಿಗೆ ತಿಳಿಯುವುದಿಲ್ಲ. ವಾಟ್ಸಾಪ್‌ನಂಥ ಆ್ಯಪ್‌ಗಳು ಮೊದಲೇ ತೆರೆದ ಸಂಪರ್ಕವನ್ನೋ ಮೊದಲೇ ತಿಳಿದ ಐಪಿಯನ್ನೋ ಹಿಡಿದುಕೊಂಡಿರುತ್ತವೆ, ಪ್ರತಿ ಮೆಸೇಜಿಗೂ ಹೆಸರು ಕೇಳಬೇಕಿಲ್ಲ. ಅದಕ್ಕೇ ಅವು ನಡೆಯುತ್ತಿರುತ್ತವೆ.

ಖಾತ್ರಿ ಮಾಡಿಕೊಳ್ಳಲು ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಆ ತುದಿ ಉತ್ತರ ಕೊಡುತ್ತದೆಯೇ ಎಂದು ನೋಡುವ ಪಿಂಗ್ ಕಮಾಂಡನ್ನು ಮೊದಲು ಪಿಂಗ್ 8.8.8.8 ಎಂದು ಕೊಡಿ (ಕಮಾಂಡನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು). ಆಮೇಲೆ ಪಿಂಗ್ ಜೊತೆ ಯಾವುದಾದರೂ ಸೈಟಿನ ಹೆಸರು ಕೊಡಿ. ಅಂಕಿಗೆ ಉತ್ತರ ಬಂದು, ಹೆಸರಿಗೆ "ಹೋಸ್ಟ್ ಸಿಗಲಿಲ್ಲ" ಎಂದರೆ ತಪ್ಪು ಡಿಎನ್‌ಎಸ್‌ನದೇ.

ಮೊಬೈಲಲ್ಲಿ ಮೊದಲು ನೋಡಬೇಕಾದ್ದು ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದೊಳಗಿನ ಪ್ರೈವೇಟ್ ಡಿಎನ್‌ಎಸ್. ಆಂಡ್ರಾಯ್ಡ್ 9ರಿಂದ ಈಚೆಗೆ ಇದೆ. ಜಾಹೀರಾತು ತಡೆಯಲೆಂದು ಅಲ್ಲಿ ಯಾವುದೋ ಸರ್ವರಿನ ಹೆಸರು ಹಾಕಿ ಮರೆತಿರುತ್ತಾರೆ. ಆ ಸರ್ವರ್ ನಿಂತ ದಿನ ಫೋನು ಬೇರೆಯದನ್ನು ಕೇಳುವುದೇ ಇಲ್ಲ. ಅದನ್ನು ಆಟೋಮ್ಯಾಟಿಕ್‌ಗೆ ಹಾಕಿ. ಮನೆಯ ಎಲ್ಲ ಫೋನಿನಲ್ಲೂ ಇದೇ ತೊಂದರೆ ಇದ್ದರೆ ಬ್ರೌಸರಿನಲ್ಲಿ ರೂಟರಿನ ವಿಳಾಸ ಒತ್ತಿ ಅದರ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ, ರೂಟರಿನ ತಳದ ಸ್ಟಿಕ್ಕರ್‌ನಲ್ಲಿ ಬರೆದಿರುತ್ತಾರೆ. ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ) ವಿಭಾಗದಲ್ಲಿ ಡಿಎನ್‌ಎಸ್ ಒಂದಕ್ಕೆ 8.8.8.8, ಎರಡಕ್ಕೆ 1.1.1.1 ಕೊಡಿ. ಎರಡೂ ಬೇರೆ ಬೇರೆ ಕಂಪನಿಯವು, ಒಂದು ನಿಂತರೂ ಇನ್ನೊಂದು ಇರಲಿ ಅಂತ. ಸೇವ್ ಮಾಡಿದ ಮೇಲೆ ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಲೇಬೇಕು. ಫೋನು ಈ ಅಂಕಿಗಳನ್ನು ವೈಫೈಗೆ ಸೇರಿಕೊಳ್ಳುವಾಗ ಪಡೆಯುತ್ತದೆ. ಇದನ್ನು ಬಿಟ್ಟು "ಬದಲಾಯಿಸಿದರೂ ಆಗಲಿಲ್ಲ" ಎನ್ನುವವರೇ ಹೆಚ್ಚು.

ಪ್ರಶ್ನೆ ಕೇಳಿದವರು: ಹೌದು ಸರ್, ಮಗ ಅಲ್ಲಿ ಏನೋ ಹೆಸರು ಹಾಕಿಟ್ಟಿದ್ದ. ಆಟೋಮ್ಯಾಟಿಕ್ ಮಾಡಿದ ತಕ್ಷಣ ಬಂತು. ಇನ್ನೊಂದು, ಹಳೇ ಲ್ಯಾಪ್‌ಟಾಪಲ್ಲಿ ಯಾವ ಸೈಟ್ ತೆರೆದರೂ "ನಿಮ್ಮ ಸಂಪರ್ಕ ಖಾಸಗಿಯಲ್ಲ" ಅಂತ ಬರುತ್ತೆ. ವೈರಸ್ಸಾ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಎಲ್ಲ ಸೈಟಿಗೂ ಹಾಗೆ ಬಂದರೆ ಮೊದಲು ಗಡಿಯಾರ ನೋಡಿ. ಎಚ್‌ಟಿಟಿಪಿಎಸ್ ಸೈಟು, ಅಂದರೆ ಗೂಢಲಿಪಿಯಲ್ಲಿ ಮಾತಾಡುವ ಸೈಟು, ತಾನು ಯಾರೆಂದು ತೋರಿಸಲು ಒಂದು ಸರ್ಟಿಫಿಕೇಟ್ ಕಳಿಸುತ್ತದೆ. ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ ಎಂದಿರುತ್ತದೆ. ಹಳೇ ಲ್ಯಾಪ್‌ಟಾಪಿನ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ, ಆಗ ಬ್ರೌಸರಿನ ಲೆಕ್ಕದಲ್ಲಿ ಎಲ್ಲ ಸರ್ಟಿಫಿಕೇಟೂ ಇನ್ನೂ ಶುರುವೇ ಆಗಿಲ್ಲ. ವರ್ಷ, ತಿಂಗಳನ್ನು ಮೊದಲು ಕೈಯಲ್ಲೇ ಸರಿ ಮಾಡಿ, ಆಮೇಲೆ ಅದೇ ಗಡಿಯಾರದ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ನೌ ಒತ್ತಿ. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ತಪ್ಪಿದರೆ ಆ ಬ್ಯಾಟರಿ ಬದಲಿಸಿ.

ಗಡಿಯಾರ ಸರಿ ಇದ್ದು ಒಂದೇ ಸೈಟಿಗೆ ಈ ಎಚ್ಚರಿಕೆ ಬಂದರೆ ವಿಷಯ ಬೇರೆ. ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಬೇಡಿ, ಪಾಸ್‌ವರ್ಡ್ ಹಾಕಲೇಬೇಡಿ. ಬಸ್ ಸ್ಟ್ಯಾಂಡ್, ಲಾಡ್ಜ್ ವೈಫೈನಲ್ಲಂತೂ ಖಂಡಿತ ಬೇಡ.

ಬೇರೆ ಸದಸ್ಯರು: ಹಾಗಾದ್ರೆ ವಿಳಾಸದ ಪಕ್ಕ ಬೀಗದ ಗುರುತು ಇದ್ರೆ ಸೈಟ್ ನಂಬಬಹುದು ಅಲ್ವಾ ಸರ್?

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ನಂಬಬಾರದು. ನಡುವೆ ಯಾರೂ ಓದಲಾರರು ಎನ್ನುವುದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು? ಮೋಸದ ಸೈಟಿಗೂ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದುಹಾಕಿತು. ವಿಳಾಸದ ಹೆಸರನ್ನು (ಮೊದಲ ಒಂಟಿ ಓರೆಗೆರೆಯ ಮುಂಚಿನ ಭಾಗ) ಬಲದಿಂದ ಎಡಕ್ಕೆ ಓದಿ. ಒಡೆಯ ಯಾರೆಂದು ಹೇಳುವುದು ಬಲತುದಿಯ ಭಾಗ. ಎಡಗಡೆ ಯಾವ ಬ್ಯಾಂಕಿನ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆರ್‌ಬಿಐ ನಮ್ಮ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬದಲಾಗಲು ಹೇಳಿತ್ತು. ಇದು ಬ್ಯಾಂಕುಗಳಿಗೆ ಮಾತ್ರ ಸಿಗುವ ಹೆಸರು. ಸರ್ಕಾರದ್ದಾದರೆ ಕೊನೆಗೆ ಗವ್ ಡಾಟ್ ಇನ್ ಇದೆಯೇ ನೋಡಿ. ಮನೆಯ ಹಿರಿಯರಿಗೆ ಇದೊಂದನ್ನು ದಯವಿಟ್ಟು ಕಲಿಸಿಕೊಡಿ.

ಬೇರೆ ಸದಸ್ಯರು: ನಮ್ಮಲ್ಲಿ ಮಳೆ ಬಂದಾಗೆಲ್ಲ ಡಬ್ಬಿಯಲ್ಲಿ ಕೆಂಪು ಲೈಟ್ ಮಿನುಗುತ್ತೆ. ರೂಟರ್ ಬದಲಿಸಬೇಕಾ?

ಉತ್ತರ (ಫೈಬರ್ ಕೆಲಸದವರು): ಬೇಡ ಸರ್. ಎಲ್‌ಒಎಸ್ ಅಂತ ಬರೆದಿರೋ ಲೈಟ್ ಕೆಂಪಾದ್ರೆ ಫೈಬರಿನಿಂದ ಬೆಳಕು ಬರ್ತಿಲ್ಲ ಅಂತ. ಪಕ್ಕದ ಪಿಒಎನ್ ಅನ್ನೋ ಲೈಟ್ ಹಸಿರು ಮಿನುಗ್ತಾನೇ ಇದ್ರೆ ಬೆಳಕು ಇದೆ, ಆದ್ರೆ ಆಫೀಸಿನ ಮೆಷೀನು ಇನ್ನೂ ನಿಮ್ಮ ಡಬ್ಬಿಯನ್ನ ಸೇರಿಸಿಕೊಂಡಿಲ್ಲ. ಪಿಒಎನ್ ನಿಂತು ಉರೀತಿದ್ದೂ ನೆಟ್ ಇಲ್ಲದಿದ್ರೆ ರೀಚಾರ್ಜ್ ಮುಗಿದಿರುತ್ತೆ, ಇಲ್ಲಾ ಯೂಸರ್ ನೇಮ್, ಪಾಸ್‌ವರ್ಡ್ ಹೋಗಿರುತ್ತೆ.

ಮಳೆಗೇ ಹೋಗುತ್ತೆ ಅಂದ್ರೆ ಕಂಬದ ಮೇಲಿನ ಜಾಯಿಂಟ್ ಪೆಟ್ಟಿಗೆಗೆ ನೀರು ನುಗ್ತಿರಬಹುದು, ಇಲ್ಲ ಒದ್ದೆ ಕೊಂಬೆ ಬಾಗಿ ತಂತಿ ಜಗ್ಗುತ್ತಿರಬಹುದು. ರೂಟರ್ ಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ಇದೆ ನೋಡಿ, ಅಂದ್ರೆ ಡಬ್ಬಿಗೆ ಬರೋ ಬೆಳಕಿನ ಬಲ, ಅದನ್ನ ಡಿಬಿಎಂ ಅನ್ನೋ ಅಳತೆಯಲ್ಲಿ ತೋರಿಸುತ್ತೆ. ಮೈನಸ್ 20 ಡಿಬಿಎಂ ಆಸುಪಾಸು ಇದ್ರೆ ಚೆನ್ನಾಗಿದೆ. ಮೈನಸ್ 27 ದಾಟಿ 28, 29 ಕಡೆ ಹೋದ್ರೆ ಬೆಳಕು ಸಾಲದು, ನೆಟ್ ನಿಲ್ಲಲ್ಲ. ಬಿಸಿಲಿದ್ದಾಗ ಒಂದು ಸಲ, ಮಳೆಯಲ್ಲಿ ಒಂದು ಸಲ ಬರೆದಿಟ್ಟುಕೊಂಡು ದೂರು ಕೊಡುವಾಗ ಎರಡೂ ಅಂಕಿ ಹೇಳಿ. ಆಗ ರೂಟರ್ ಬದಲಿಸಿ ಹೋಗಲ್ಲ, ಕಂಬ ಹತ್ತುತ್ತಾರೆ. ಒಳಗಿನ ಹಳದಿ ತಂತಿಯನ್ನ ಬಾಗಿಲ ಸಂದಿಯಲ್ಲಿ ಮಡಚಬೇಡಿ, ಕಡೇ ಪಕ್ಷ 3 ಸೆಂಟಿಮೀಟರ್ ತ್ರಿಜ್ಯದಷ್ಟಾದ್ರೂ ಬಳುಕು ಇರ್ಲಿ. ತುದಿ ಬಿಚ್ಚಿ ಕಣ್ಣಿಗೆ ಹಿಡಿದು ನೋಡ್ಬೇಡಿ. ಆ ಬೆಳಕು ಕಣ್ಣಿಗೆ ಕಾಣಲ್ಲ, ಆದ್ರೆ ಹಾನಿ ಮಾಡಬಲ್ಲದು.

ಬೇರೆ ಸದಸ್ಯರು: 100 ಎಂಬಿಪಿಎಸ್ ಪ್ಲ್ಯಾನ್, ಡೌನ್‌ಲೋಡ್ 11 ಎಂಬಿ ತೋರಿಸುತ್ತೆ. ಮೋಸ ಅಲ್ವಾ?

ಉತ್ತರ (ಫೈಬರ್ ಕೆಲಸದವರು): ಮೋಸ ಇಲ್ಲ. ಪ್ಲ್ಯಾನ್ ಬಿಟ್‌ನಲ್ಲಿ, ಡೌನ್‌ಲೋಡ್ ಬೈಟ್‌ನಲ್ಲಿ, 8 ಬಿಟ್ ಸೇರಿ ಒಂದು ಬೈಟ್. 8ರಿಂದ ಭಾಗಿಸಿದ್ರೆ 12.5, ವಿಳಾಸ ಇತ್ಯಾದಿ ಹೊರೆ ಕಳೆದು 11 ಅಂದ್ರೆ ಸರಿಯಾಗೇ ಬರ್ತಿದೆ.

ಬೇರೆ ಸದಸ್ಯರು (ವಿದ್ಯಾರ್ಥಿನಿ): ಸರ್, ಅಣ್ಣ ಅಮೆರಿಕದಲ್ಲಿದ್ದಾರೆ. ಅವರ ಕಾಲೇಜಿನ ಸೈಟು ನಿಧಾನ, ಯೂಟ್ಯೂಬ್ ಮಾತ್ರ ಪಟ್ಟಂತ ಬರುತ್ತೆ. 300 ಎಂಬಿಪಿಎಸ್ ಹಾಕಿಸಿದ್ರೆ ಸರಿಹೋಗುತ್ತಾ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಇಲ್ಲಮ್ಮ, ಆ ದುಡ್ಡು ಉಳಿಸಿಕೊಳ್ಳಿ. ಎಂಬಿಪಿಎಸ್ ಎನ್ನುವುದು ಸೆಕೆಂಡಿಗೆ ಎಷ್ಟು ಬರುತ್ತದೆ ಎನ್ನುವ ಲೆಕ್ಕ. ಮೊದಲ ತುಣುಕು ಹೋಗಿ ಬರಲು ಹಿಡಿಯುವ ಹೊತ್ತು ಬೇರೆಯೇ. ಫೈಬರಿನ ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಹೊರಟ ಪ್ಯಾಕೆಟ್ (ಮಾಹಿತಿಯ ತುಣುಕು) ಚೆನ್ನೈ ಅಥವಾ ಮುಂಬೈ ತೀರಕ್ಕೆ ಹೋಗಿ, ಸಮುದ್ರದ ತಳದ ಕೇಬಲ್ ಹಿಡಿದು, ಅಮೆರಿಕ ಮುಟ್ಟಿ ಮರಳಲು 200 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಯಾವ ಪ್ಲ್ಯಾನೂ ಇದನ್ನು ಕಡಿಮೆ ಮಾಡದು.

ಪುಟದ ಮೊದಲ ಅಕ್ಷರ ಬರುವ ಮುಂಚೆ ಇಂಥ ಮೂರು ಸುತ್ತು ಬೇಕು: ಸಂಪರ್ಕ ತೆರೆಯಲು ಒಂದು, ಗೂಢಲಿಪಿಯ ಕೀಲಿ ಒಪ್ಪಿಕೊಳ್ಳಲು ಒಂದು, ಪುಟ ಕೇಳಲು ಒಂದು. ಅಲ್ಲಿಗೇ 0.6 ಸೆಕೆಂಡ್ ಹೋಯಿತು. ಆಮೇಲೆ ಚಿತ್ರಗಳು, ಸ್ಕ್ರಿಪ್ಟುಗಳು. ಯೂಟ್ಯೂಬ್ ಹೆಚ್ಚು ಜನ ನೋಡುವ ವಿಡಿಯೋಗಳ ಪ್ರತಿಯನ್ನು ನಮ್ಮ ದೇಶದಲ್ಲೇ, ಎಷ್ಟೋ ಸಲ ನಿಮ್ಮ ಇಂಟರ್ನೆಟ್ ಕಂಪನಿಯ ಆವರಣದಲ್ಲೇ ಇಟ್ಟಿರುತ್ತದೆ. ಅದು ಸಮುದ್ರ ದಾಟುವುದೇ ಇಲ್ಲ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ಕೇಬಲ್‌ಗಳು ತುಂಡಾದಾಗ ಭಾರತದಲ್ಲಿ ಇಂಟರ್ನೆಟ್ ತೆವಳಿದ್ದು ಈ ದಾರಿಯ ಮೇಲಿನ ಅವಲಂಬನೆಯಿಂದಲೇ.

ಯಾವ ಮಜಲಿನಲ್ಲಿ ತಡವಾಗುತ್ತಿದೆ ಎಂದು ನೀವೇ ನೋಡಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಟ್ರೇಸರ್ಟ್ (tracert) ಜೊತೆ ಸೈಟಿನ ಹೆಸರು ಕೊಡಿ, ದಾರಿಯ ಒಂದೊಂದು ರೂಟರೂ ಒಂದೊಂದು ಸಾಲಾಗಿ ಬರುತ್ತದೆ. ಮೊದಲ ಸಾಲು ನಿಮ್ಮ ರೂಟರ್, 5 ಮಿಲಿಸೆಕೆಂಡ್ ಒಳಗಿರಬೇಕು. ಅಲ್ಲೇ 50, 100 ಬಂದರೆ ತೊಂದರೆ ವೈಫೈನದು, ರೂಟರ್ ಹತ್ತಿರ ಕೂತು ಮತ್ತೆ ನೋಡಿ. ಅಂಕಿ 30ರಿಂದ 200ಕ್ಕೆ ಹಾರಿ ಮುಂದಿನ ಸಾಲುಗಳಲ್ಲೂ ಅಷ್ಟೇ ಉಳಿದರೆ ಅದು ಸಮುದ್ರ ದಾಟಿದ ಜಾಗ. ನಡುವೆ ನಕ್ಷತ್ರಗಳ ಸಾಲು ಬಂದರೆ ಹೆದರಬೇಡಿ, ಆ ರೂಟರ್ ನಿಮ್ಮ ಪರೀಕ್ಷೆಗೆ ಉತ್ತರ ಕೊಡದೆ ಸುಮ್ಮನಿದೆ ಅಷ್ಟೆ, ಪ್ಯಾಕೆಟ್ ಮುಂದೆ ಹೋಗುತ್ತಿರುತ್ತದೆ. ಬಂದ ಸಾಲುಗಳನ್ನು ಇಲ್ಲಿ ಹಾಕುವುದಾದರೆ ನಿಮ್ಮ ಮನೆಯ ಪಬ್ಲಿಕ್ ಐಪಿ, ಅಂದರೆ ಹೊರಗಿನ ಇಂಟರ್ನೆಟ್‌ಗೆ ಕಾಣುವ ವಿಳಾಸ, ಇದ್ದರೆ ಅದನ್ನು ಅಳಿಸಿ ಹಾಕಿ.