2029ರ ಏಪ್ರಿಲ್ 13ರ ನಂತರ ಅಪೋಫಿಸ್ ಕಕ್ಷೆಯ ಲೆಕ್ಕ ತಾಳೆಯಾಗುತ್ತಿಲ್ಲ

ತುಂಗಾತೀರ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. 99942 ಅಪೋಫಿಸ್ ಕ್ಷುದ್ರಗ್ರಹವು 2029ರಲ್ಲಿ ಭೂಮಿಯ ಸಮೀಪ ಹಾದುಹೋಗುವಾಗ ನಮ್ಮೂರಿನಿಂದ ಎತ್ತ ನೋಡಬೇಕೆಂದು ತಿಳಿಯಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಅರೆ ದೀರ್ಘಾಕ್ಷ (ದೀರ್ಘವೃತ್ತದ ಉದ್ದದ ಅರ್ಧ) 0.922 ಖಗೋಳಮಾನ (ಒಂದು ಖಗೋಳಮಾನವೆಂದರೆ ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ), ಉತ್ಕೇಂದ್ರತೆ (ಕಕ್ಷೆ ಎಷ್ಟು ಚಪ್ಪಟೆ ಎಂಬುದು) 0.191, ಓರೆ 3.3 ಡಿಗ್ರಿ ಮುಂತಾದ ಆರೂ ಕಕ್ಷಾಂಶಗಳನ್ನು, ಎಂದರೆ ಕಕ್ಷೆಯನ್ನು ವಿವರಿಸುವ ಸಂಖ್ಯೆಗಳನ್ನು, ಪೂರ್ಣ ದಶಮಾಂಶಗಳೊಂದಿಗೆ ಕೊಟ್ಟು, ಕಕ್ಷೆಯಲ್ಲಿ ವಸ್ತು ಯಾವಾಗ ಎಲ್ಲಿರುತ್ತದೆಂದು ಹೇಳುವ ಕೆಪ್ಲರ್ ಸಮೀಕರಣವನ್ನು ಬಿಡಿಸುತ್ತೇನೆ. 2029ರ ಮಾರ್ಚ್‌ವರೆಗೆ ಆಕಾಶಕಾಯಗಳ ಸ್ಥಾನಗಳನ್ನು ಕೊಡುವ ನಾಸಾದ ಹೊರೈಜನ್ಸ್ ಪಟ್ಟಿಗೂ ನನ್ನ ಉತ್ತರಕ್ಕೂ ಹೆಚ್ಚಿನ ಅಂತರವಿಲ್ಲ. ಏಪ್ರಿಲ್ 13ರಂದು ಹಲವು ಡಿಗ್ರಿಗಳಷ್ಟು ವ್ಯತ್ಯಾಸ ಬರುತ್ತದೆ, 2030ರ ಹೊತ್ತಿಗೆ ಎರಡೂ ಆಕಾಶದ ಬೇರೆ ಬೇರೆ ಭಾಗಗಳನ್ನೇ ತೋರಿಸುತ್ತವೆ. ಸಮೀಕರಣ ಬಿಡಿಸುವ ಭಾಗವನ್ನು ಪರಿಶೀಲಿಸಿದ್ದೇನೆ, ಅದು ಸರಿಯಾಗಿಯೇ ಇದೆ. ಇನ್ನೊಂದು ಸಂದೇಹವೂ ಇದೆ: ಕಾಂತಿಮಾನದಿಂದ ವ್ಯಾಸವನ್ನು ಲೆಕ್ಕ ಹಾಕಿದರೆ 540 ಮೀಟರ್ ಬರುತ್ತಿದೆ, ಎಲ್ಲ ಕಡೆ 340 ಮೀಟರ್ ಎಂದಿದೆ.

ಕವಲೇದುರ್ಗ:
ನಿಮ್ಮ ಪ್ರೋಗ್ರಾಂನಲ್ಲಿ ದೋಷವಿಲ್ಲ. ಅದರೊಳಗೆ ಭೂಮಿಯೇ ಇಲ್ಲದಿರುವುದು ಸಮಸ್ಯೆ. ಕೆಪ್ಲರ್ ಸಮೀಕರಣಕ್ಕೆ ಗೊತ್ತಿರುವುದು ಸೂರ್ಯ ಮತ್ತು ಕ್ಷುದ್ರಗ್ರಹ ಮಾತ್ರ. ಕಕ್ಷಾಂಶಗಳ ಜೊತೆ ಒಂದು ದಿನಾಂಕ ಕೊಟ್ಟಿರುತ್ತಾರಲ್ಲ, ಆ ದಿನದ ಮಟ್ಟಿಗೆ ಅವು ನಿಖರ. ಆಚೆಗೆ ಗ್ರಹಗಳ ಸೆಳೆತದಿಂದ ನಿಧಾನವಾಗಿ ಬದಲಾಗುತ್ತವೆ. ಸಾಮಾನ್ಯ ಕ್ಷುದ್ರಗ್ರಹಕ್ಕೆ ಈ ಬದಲಾವಣೆ ಕೆಲವು ತಿಂಗಳವರೆಗೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಆದರೆ ಅಪೋಫಿಸ್ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ, ಎಂದರೆ ಭೂಸ್ಥಿರ ಉಪಗ್ರಹಗಳಿಗಿಂತಲೂ ಹತ್ತಿರದಲ್ಲಿ ಹಾದುಹೋಗುವುದರಿಂದ, ಅದರ ಕಕ್ಷೆ ಕೆಲವೇ ಗಂಟೆಗಳಲ್ಲಿ ಬೇರೆಯದಾಗಿಬಿಡುತ್ತದೆ. ಅರೆ ದೀರ್ಘಾಕ್ಷವು 0.922ರಿಂದ ಸುಮಾರು 1.1 ಖಗೋಳಮಾನಕ್ಕೆ ಹಿಗ್ಗುತ್ತದೆ. ಈಗ ಸುಮಾರು 324 ದಿನಗಳಲ್ಲಿ ಸೂರ್ಯನನ್ನು ಸುತ್ತುವ ಈ ಕಲ್ಲು ಆಮೇಲೆ ಸುಮಾರು 420 ದಿನ ತೆಗೆದುಕೊಳ್ಳುತ್ತದೆ. ಅರೆ ದೀರ್ಘಾಕ್ಷ 1 ಖಗೋಳಮಾನಕ್ಕಿಂತ ಕಡಿಮೆಯಿರುವ ಏಟೆನ್ ಗುಂಪಿನಲ್ಲಿದ್ದದ್ದು, ಅದಕ್ಕಿಂತ ಹೆಚ್ಚಿರುವ ಅಪೋಲೋ ಗುಂಪಿಗೆ ಸೇರುತ್ತದೆ. ಈ ಎರಡು ಅವಧಿಗಳ ವ್ಯತ್ಯಾಸವನ್ನು ಒಂದು ವರ್ಷಕ್ಕೆ ಲೆಕ್ಕ ಹಾಕಿ ನೋಡಿ, ಸರಾಸರಿ ಕೋನದಲ್ಲಿಯೇ (ಸಮವೇಗದಲ್ಲಿ ಸುತ್ತುತ್ತದೆಂದುಕೊಂಡರೆ ಕ್ರಮಿಸುವ ಕೋನ) ಸುಮಾರು 90 ಡಿಗ್ರಿಯ ಅಂತರ ಬರುತ್ತದೆ. ನೀವು 2030ರಲ್ಲಿ ಕಂಡದ್ದು ಅದೇ.

ಪರಿಹಾರವೆಂದರೆ ಸೂರ್ಯ, ಭೂಮಿ, ಚಂದ್ರ ಮತ್ತು ಇತರ ಗ್ರಹಗಳ ಸೆಳೆತಗಳನ್ನೆಲ್ಲ ಕೂಡಿಸಿ ಹೆಜ್ಜೆ ಹೆಜ್ಜೆಯಾಗಿ ಚಲನೆಯನ್ನು ಲೆಕ್ಕ ಹಾಕುವುದು. ಭೂಮಿ ಮತ್ತು ಚಂದ್ರರನ್ನು ಒಂದೇ ಬಿಂದುವಾಗಿ ಸೇರಿಸಬೇಡಿ, ಹಾದುಹೋಗುವ ದೂರವು ಚಂದ್ರನ ದೂರದ ಹತ್ತನೇ ಒಂದು ಭಾಗದಷ್ಟೇ ಇದೆ. ಸಮೀಪಿಸುವ ದಿನ ಕಾಲದ ಹೆಜ್ಜೆಯನ್ನು ಒಂದು ನಿಮಿಷಕ್ಕೆ ಇಳಿಸಿರಿ. ಬಿಸಿಲಿನ ಶಾಖ ಹೊರಸೂಸುವುದರಿಂದ ಉಂಟಾಗುವ ಯಾರ್ಕೊವ್‌ಸ್ಕಿ ಪರಿಣಾಮವು ಅರೆ ದೀರ್ಘಾಕ್ಷವನ್ನು ವರ್ಷಕ್ಕೆ ಸುಮಾರು 200 ಮೀಟರ್ ಕುಗ್ಗಿಸುತ್ತದೆ. ಆಕಾಶ ನೋಡುವವರು ಅದನ್ನು ಬಿಟ್ಟರೂ ನಡೆಯುತ್ತದೆ.

ಮತ್ತೊಂದು ಮುಖ್ಯ ವಿಷಯ: ಪಟ್ಟಿ ತೆಗೆಯುವಾಗ ವೀಕ್ಷಕರ ಸ್ಥಳವನ್ನು ಭೂಕೇಂದ್ರವೆಂದು ಬಿಟ್ಟಿದ್ದೀರಾ? ಅಷ್ಟು ಹತ್ತಿರದ ವಸ್ತುವಿಗೆ ಪ್ಯಾರಲಾಕ್ಸ್, ಎಂದರೆ ನೋಡುವ ಜಾಗ ಬದಲಾದಾಗ ಕಾಣುವ ಸ್ಥಾನದ ವ್ಯತ್ಯಾಸ, ಸುಮಾರು 10 ಡಿಗ್ರಿಯವರೆಗೂ ಹೋಗುತ್ತದೆ. ತೀರ್ಥಹಳ್ಳಿಗೆ ಉತ್ತರ ಅಕ್ಷಾಂಶ 13.69, ಪೂರ್ವ ರೇಖಾಂಶ 75.24 ಎಂದು ಕೊಡಿರಿ.

ಸಾಗರದ ಓದುಗ:
ವ್ಯಾಸದ ಪ್ರಶ್ನೆಗೆ ಉತ್ತರ ಸುಲಭ. ಕಿಲೋಮೀಟರ್‌ನಲ್ಲಿ ವ್ಯಾಸ ಬೇಕಾದರೆ 1329 ಅನ್ನು ಆಲ್ಬೆಡೋದ (ಮೇಲ್ಮೈ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಳತೆ) ವರ್ಗಮೂಲದಿಂದ ಭಾಗಿಸಿ, ಹತ್ತರ ಘಾತ ಋಣ H/5ರಿಂದ ಗುಣಿಸಬೇಕು. ಇಲ್ಲಿ H ಎಂದರೆ ನಿರಪೇಕ್ಷ ಕಾಂತಿಮಾನ, ಸೂರ್ಯನಿಂದಲೂ ನಮ್ಮಿಂದಲೂ ಒಂದು ಖಗೋಳಮಾನ ದೂರದಲ್ಲಿಟ್ಟು ಪೂರ್ತಿ ಬೆಳಗಿದ ಮುಖವನ್ನು ನೋಡಿದರೆ ಕಾಣುವ ಕಾಂತಿ. H 19.09 ಇಟ್ಟು ಆಲ್ಬೆಡೋ 0.14 ಎಂದುಕೊಂಡರೆ ನಿಮ್ಮ 540 ಮೀಟರ್ ಬರುತ್ತದೆ. ಆ 0.14 ಎಂಬುದು ಮೇಲ್ಮೈಯ ಬಗ್ಗೆ ಏನೂ ಗೊತ್ತಿಲ್ಲದಾಗ ಬಳಸುವ ಸರಾಸರಿ. ಅಪೋಫಿಸ್‌ನ ರೇಡಾರ್ ವೀಕ್ಷಣೆಗಳಿಂದ ವ್ಯಾಸ ಸುಮಾರು 340 ಮೀಟರ್ ಎಂದು ಸಿಕ್ಕಿದೆ, ಅದಕ್ಕೆ ಹೊಂದುವ ಆಲ್ಬೆಡೋ 0.35. ಎಂದರೆ ಮೇಲ್ಮೈ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುವ ಸಿಲಿಕೇಟ್ ಕಲ್ಲು. ಹೀಗಾಗಿ ಚಿಕ್ಕ ಗಾತ್ರದಲ್ಲಿಯೇ ಅಷ್ಟು ಕಾಂತಿ ಬರುತ್ತದೆ. ಆದರೂ 340 ಎಂಬುದರಲ್ಲಿ ನಲವತ್ತು ಮೀಟರ್ ಆಚೀಚೆ ಇದೆ ಎಂಬುದನ್ನು ಮರೆಯಬಾರದು.

ಮುಂದೆ ಯಾರಾದರೂ ಅದರ ಕಾಂತಿಯ ಏರಿಳಿತವನ್ನು ಅಳೆಯಲು ಹೊರಟರೆ ಮೊದಲೇ ಹೇಳಿಡುತ್ತೇನೆ: ಒಂದೇ ಅವಧಿ ಸಿಗುವುದಿಲ್ಲ. ಅದು ಬುಗುರಿಯಂತೆ ತೂಗಾಡುತ್ತ ಉರುಳುತ್ತದೆ. ಅಕ್ಷ ತೂಗಾಡುವ ಅವಧಿ 27.38 ಗಂಟೆ, ತನ್ನ ಸುತ್ತ ತಿರುಗುವ ಅವಧಿ ಸುಮಾರು 263 ಗಂಟೆ. ಮೊದಲನೆಯದರ ವ್ಯುತ್ಕ್ರಮದಿಂದ (ಒಂದನ್ನು ಅದರಿಂದ ಭಾಗಿಸಿದಾಗ ಬರುವ ಸಂಖ್ಯೆ) ಎರಡನೆಯದರ ವ್ಯುತ್ಕ್ರಮವನ್ನು ಕಳೆದು, ಉಳಿದದ್ದರ ವ್ಯುತ್ಕ್ರಮ ತೆಗೆದರೆ 30.56 ಗಂಟೆ ಸಿಗುತ್ತದೆ, ಕಾಂತಿಯಲ್ಲಿ ಎದ್ದು ಕಾಣುವುದು ಆ ಅವಧಿಯೇ. ನನಗೆ ಈ ಕಲ್ಲಿನಲ್ಲಿ ಅತ್ಯಂತ ಇಷ್ಟವಾದ ಲೆಕ್ಕವಿದು.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ಭೂಮಿ, ಚಂದ್ರ ಮತ್ತು ಉಳಿದ ಗ್ರಹಗಳನ್ನು ಸೇರಿಸಿ, ಊರಿನ ಅಕ್ಷಾಂಶ ರೇಖಾಂಶ ಕೊಟ್ಟ ಮೇಲೆ 2030ರ ಲೆಕ್ಕವೂ ಪಟ್ಟಿಗೆ ಹತ್ತಿರ ಬಂದಿದೆ. ಆದರೆ ಅತಿ ಸಮೀಪದ ಹೊತ್ತಿನಲ್ಲಿ ಮಾತ್ರ ಮುಕ್ಕಾಲು ಡಿಗ್ರಿಯಷ್ಟು ವ್ಯತ್ಯಾಸ ಉಳಿದಿದೆ. ಹಿಂದಿನ ಮುಂದಿನ ದಿನಗಳಲ್ಲಿ ಅದು ಕಾಣುವುದಿಲ್ಲ.

ಕವಲೇದುರ್ಗ:
ಅದು ಗಡಿಯಾರದ ವ್ಯತ್ಯಾಸ. ಕಕ್ಷೆಯ ಲೆಕ್ಕ ನಡೆಯುವ ಕಾಲಮಾನವು ನಾವು ಬಳಸುವ ಸಾರ್ವತ್ರಿಕ ಸಮಯಕ್ಕಿಂತ ಈಗ ಸುಮಾರು 69 ಸೆಕೆಂಡು ಮುಂದಿದೆ. ಸೆಕೆಂಡಿಗೆ 7.4 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಸುಮಾರು 500 ಕಿಲೋಮೀಟರ್ ಆಗುತ್ತದೆ. ಭೂಕೇಂದ್ರದಿಂದ 38,000 ಕಿಲೋಮೀಟರ್ ದೂರದಲ್ಲಿ ಅದು ಸರಿಯಾಗಿ ಮುಕ್ಕಾಲು ಡಿಗ್ರಿ. ಪರಿವರ್ತನೆಯ ಒಂದು ಸಾಲು ಸೇರಿಸಿದರೆ ಮುಗಿಯಿತು.

ಇಷ್ಟೆಲ್ಲ ಮಾಡಿದರೂ ಆ ಕ್ಷಣವನ್ನು ನಾವು ನೋಡಲಾರೆವು. ಅತಿ ಸಮೀಪದ ಹೊತ್ತು ನಮ್ಮ ಸಮಯದಲ್ಲಿ ಏಪ್ರಿಲ್ 14ರ ನಸುಕಿನ 3 ಗಂಟೆ 16 ನಿಮಿಷ. ಆಗ ಅದು ಅಟ್ಲಾಂಟಿಕ್ ಸಾಗರದ ಮೇಲಿದ್ದು, ಶಿವಮೊಗ್ಗ ಜಿಲ್ಲೆಗೆ ಪಶ್ಚಿಮ ದಿಗಂತದ ಕೆಳಗಿರುತ್ತದೆ. ನಮಗೆ ದಕ್ಕುವುದು ಅದಕ್ಕೆ ಮೊದಲಿನ ಗಂಟೆಗಳು. ದಕ್ಷಿಣದಿಂದ ಬಂದು ಪಶ್ಚಿಮಕ್ಕೆ ಇಳಿಯುವ ದಾರಿಯಾದ್ದರಿಂದ, ಅಡಿಕೆ ತೋಟದ ತಗ್ಗಿನಲ್ಲಿ ನಿಂತರೆ ಪ್ರಯೋಜನವಿಲ್ಲ. ಕುಂದಾದ್ರಿಯಂತಹ ತೆರೆದ ಬೆಟ್ಟದ ತಲೆಯನ್ನೇ ಆರಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಸಂಜೆ ಗುಡುಗಿನ ಮೋಡ ಕಟ್ಟುವುದು ನಮ್ಮ ಕಡೆ ಮಾಮೂಲು, ಆದ್ದರಿಂದ ಬಯಲುಸೀಮೆಯ ಕಡೆ, ಶಿಕಾರಿಪುರದ ಆಚೆ, ಇನ್ನೊಂದು ಜಾಗವನ್ನು ಗುರುತಿಸಿ ಅದರ ಅಕ್ಷಾಂಶ ರೇಖಾಂಶಕ್ಕೂ ಪಟ್ಟಿ ತೆಗೆದಿಟ್ಟುಕೊಳ್ಳಿ.