ಮೂರೂ ಪಾಸಿಟಿವ್ ಅಂದ್ರೆ ಹರಡಿದೆ ಅಂತಾನಾ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ಹಿಮ್ಮಡಿಯಲ್ಲಿ ಕಪ್ಪು ಕಲೆ ಇತ್ತು. ಆಣಿ ಅಂದುಕೊಂಡು ಬ್ಲೇಡಿನಲ್ಲಿ ಕೆರೆದುಕೊಳ್ಳುತ್ತಿದ್ದರು. ಕಲೆಯನ್ನು ಪೂರ್ತಿ ತೆಗೆದು ಬಯಾಪ್ಸಿ ಮಾಡಿದ್ದಾರೆ, ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅಂತ ಬಂದಿದೆ. ಎಸ್-100, ಎಚ್‌ಎಂಬಿ-45, ಮೆಲನ್-ಎ ಮೂರೂ ಪಾಸಿಟಿವ್. ಕೆಐ-67 15%. ಬ್ರೆಸ್ಲೋ ದಪ್ಪ 2.3 ಮಿ.ಮೀ. ಮೈಯೆಲ್ಲಾ ಹರಡಿದೆಯಾ ಡಾಕ್ಟ್ರೇ?

ಪೆಥಾಲಜಿಸ್ಟ್: ಈ ಪಾಸಿಟಿವ್‌ಗಳಿಂದ ಹಾಗೆ ಹೇಳೋಕಾಗಲ್ಲ. ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ಹುಡುಕುವ ಮೊದಲ ಮೂರು ಪ್ರೋಟೀನ್‌ಗಳು ಗೆಡ್ಡೆಯ ಕುಲ ಹೇಳುತ್ತವೆ, ಅಷ್ಟೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್‌ನಿಂದ ಹುಟ್ಟಿದ್ದು ಅಂತ. ನಿಮ್ಮ ಕೆನ್ನೆಯ ಮಚ್ಚೆಯನ್ನು ಕತ್ತರಿಸಿ ನೋಡಿದರೂ ಎಸ್-100 ಪಾಸಿಟಿವ್ ಬರುತ್ತದೆ!

ಎಚ್‌ಎಂಬಿ-45ರಲ್ಲಿ ನಾವು ನೋಡೋದು ಬಣ್ಣ ಕೂತ ರೀತಿ. ಸಾಧಾರಣ ಮಚ್ಚೆಯಲ್ಲಿ ಮೇಲೆ ಗಾಢವಾಗಿದ್ದು ಆಳಕ್ಕೆ ಹೋದಂತೆ ಮಾಸುತ್ತದೆ. ಮೆಲನೋಮಾದಲ್ಲಿ ಹಾಗೆ ಮಾಸದೆ ತಳದಲ್ಲೂ ತೇಪೆ ತೇಪೆಯಾಗಿ ಹಿಡಿದಿರುತ್ತದೆ. ಕೆಐ-67 ಬೇರೆ ವಿಷಯ, ವಿಭಜನೆಯಾಗುತ್ತಿರುವ ಜೀವಕೋಶಗಳ ಲೆಕ್ಕ ಅದು. ನೂರಕ್ಕೆ ಹದಿನೈದು ಅಂದರೆ ಗೆಡ್ಡೆ ಸುಮ್ನೆ ಕೂತಿಲ್ಲ. ಆದರೂ ಸ್ಟೇಜ್ ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ.

ನಾನು ಮೊದಲು ಕಣ್ಣು ಹಾಯಿಸೋದು 2.3 ಮಿ.ಮೀ. ಮೇಲೆ. ಗೆಡ್ಡೆಯ ದಪ್ಪವನ್ನು ಹೀಗೆ ಅಳೆಯಬೇಕು ಅಂತ ಬ್ರೆಸ್ಲೋ ಎಂಬ ಪೆಥಾಲಜಿಸ್ಟ್ ತೋರಿಸಿದ್ದು 1970ರಲ್ಲಿ. ಇಷ್ಟು ಪ್ರೋಟೀನ್‌ಗಳು ಬಂದರೂ ಆ ಅಳತೆಯನ್ನು ಯಾವುದೂ ಮೂಲೆಗೆ ತಳ್ಳಿಲ್ಲ. 1 ಮಿ.ಮೀ. ದಾಟಿದೆ, ಹಾಗಾಗಿ ತೊಡೆಸಂದಿನ ಸೆಂಟಿನೆಲ್ ಗ್ರಂಥಿ (ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ದುಗ್ಧಗ್ರಂಥಿ) ಪರೀಕ್ಷೆ ಬಗ್ಗೆ ಸರ್ಜನ್ ಹತ್ತಿರ ಈ ವಾರವೇ ಮಾತಾಡಿ. ಹರಡಿದೆಯೋ ಇಲ್ಲವೋ ಅನ್ನೋದಕ್ಕೆ ಮೊದಲ ಸುಳಿವು ಅಲ್ಲಿ ಸಿಗುತ್ತದೆ.

ಪ್ರಶ್ನೆ: ರಕ್ತದಲ್ಲಿ ಎಲ್‌ಡಿಎಚ್ ಸ್ವಲ್ಪ ಜಾಸ್ತಿ ಇದೆಯಲ್ಲ?

ಪೆಥಾಲಜಿಸ್ಟ್: ಒಂದು ಸಲದ ಎಲ್‌ಡಿಎಚ್ ನೋಡಿ ಹೆದರಬೇಡಿ. ಅದು ಜೀವಕೋಶಗಳೊಳಗಿನ ಒಂದು ಕಿಣ್ವ, ಕೆಂಪು ರಕ್ತಕಣಗಳಲ್ಲೇ ತುಂಬಿರುತ್ತದೆ. ಸೂಜಿ ಹಾಕುವಾಗ ಒದ್ದಾಡಿದರೆ, ಟ್ಯೂಬ್ ಜೋರಾಗಿ ಅಲ್ಲಾಡಿದರೆ ಕಣಗಳು ಒಡೆಯುತ್ತವೆ. ಹುಲ್ಲಿನ ಬಣ್ಣ ಇರಬೇಕಾದ ಸೀರಮ್ ಗುಲಾಬಿ ಆಗುತ್ತದೆ, ನಂಬರ್ ಏರುತ್ತದೆ. ಇನ್ನೊಮ್ಮೆ ಮಾಡಿಸಿ. ಕಾಯಿಲೆ ದೂರದ ಅಂಗಗಳಿಗೆ ಹೋಗಿ ನಾಲ್ಕನೇ ಸ್ಟೇಜ್ ಆದಾಗ ಮಾತ್ರ ಈ ಎಲ್‌ಡಿಎಚ್ ಸ್ಟೇಜ್ ಲೆಕ್ಕಕ್ಕೆ ಬರುತ್ತದೆ. ಜರ್ಮನಿಯಂಥ ಕಡೆ ಫಾಲೋಅಪ್‌ಗೆ ರಕ್ತದಲ್ಲಿ ಎಸ್-100 ಗುಂಪಿನ ಎಸ್-100ಬಿ ಪ್ರೋಟೀನ್ ಕೂಡ ನೋಡುತ್ತಾರೆ. ಆದರೆ ತಲೆಗೆ ಪೆಟ್ಟು ಬಿದ್ದರೂ ಅದು ಏರುತ್ತದೆ.

ಪ್ರಶ್ನೆ: ಗೆಡ್ಡೆಯ ಬಿ-ರಾಫ್ ಜೀನ್ ಟೆಸ್ಟ್ ಬೇಕಾ?

ಪೆಥಾಲಜಿಸ್ಟ್: ಬೇಕಾಗಬಹುದು, ಆಂಕಾಲಜಿಸ್ಟ್ ಹೇಳುತ್ತಾರೆ. ಅಂಗಾಲಿನ ಮೆಲನೋಮಾದಲ್ಲಿ ಬಿ-ರಾಫ್ ಬದಲಾವಣೆ ಕಡಿಮೆ, ಹಾಗಾಗಿ ಕಿಟ್ ಜೀನ್ ಕೂಡ ನೋಡಿಸುತ್ತಾರೆ. ಎರಡಕ್ಕೂ ಬಯಾಪ್ಸಿಯ ಮೇಣದ ಬ್ಲಾಕ್ ಬೇಕು, ಲ್ಯಾಬಿನಲ್ಲಿ ಕೇಳಿ ತಗೊಳ್ಳಿ. ಹಾಗೇ ಬ್ಲೇಡಿನ ವಿಷಯವನ್ನು ಸ್ಲೈಡ್ ನೋಡಿದವರಿಗೆ ಹೇಳಿ. ಗೆಡ್ಡೆಯ ಮೇಲೆ ತಾನಾಗಿ ಹುಣ್ಣಾಗಿದ್ದರೆ ಸ್ಟೇಜ್ ಏರುತ್ತದೆ. ಕೆರೆದು ಆದ ಗಾಯವನ್ನು ಹಾಗೆ ಎಣಿಸುವಂತಿಲ್ಲ.